ವಿಮಾನ ಚಾಲಕನಿಗೆ ಪದವಿ ಬೇಕೆ?

(ಬಾನುಲಿ ಭಾಷಣ)

ಬಸ್ಸು ಹತ್ತಿದರೆ ನಮಗೆ ಚಾಲಕನ ಬೆನ್ನಾದರೂ ಕಾಣುತ್ತದೆ. ಆಗುಂಬೆಯ ತಿರುವುಗಳಲ್ಲಿ ಆ ಬೆನ್ನನ್ನೇ ದಿಟ್ಟಿಸುತ್ತ, ತೋಳು ಚಕ್ರವನ್ನು ತಿರುಗಿಸುವ ರೀತಿಯಿಂದಲೇ ಮನುಷ್ಯನ ಅನುಭವವನ್ನು ಅಳೆಯುವ ಪ್ರಯಾಣಿಕರುಂಟು. ವಿಮಾನದಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಬಾಗಿಲು ಮುಚ್ಚಿರುತ್ತದೆ. ಒಳಗಿನಿಂದ ಒಂದು ಧ್ವನಿ ಬರುತ್ತದೆ. ಹೆಸರು ಹೇಳುತ್ತದೆ, ಏರಿದ ಎತ್ತರ ಹೇಳುತ್ತದೆ, ಇಳಿಯುವ ಊರಿನ ಹವೆ ಹೇಳುತ್ತದೆ. ನೂರೈವತ್ತು ಇನ್ನೂರು ಜನ ಆ ಧ್ವನಿಯನ್ನು ನಂಬಿ ಕಣ್ಣು ಮುಚ್ಚುತ್ತಾರೆ. ಆ ಧ್ವನಿಯ ಒಡೆಯನು ಎಲ್ಲಿಯವರೆಗೆ ಓದಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕೆ? ಕಾಲೇಜಿನ ಪದವಿ ಇಲ್ಲದವನನ್ನು ವಿಮಾನ ಸಂಸ್ಥೆಗಳು ಕೆಲಸಕ್ಕೆ ತೆಗೆದುಕೊಳ್ಳಬಹುದೆ? ಇದು ಈ ಹೊತ್ತಿನ ನನ್ನ ವಿಷಯ.

ಮೊದಲೇ ಒಂದು ಮಾತು. ಮೂವತ್ತು ವರ್ಷಕ್ಕೂ ಮಿಕ್ಕಿ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳಿ ಅನ್ನ ಉಂಡವನು ನಾನು. ಪದವಿ ಬೇಕೋ ಬೇಡವೋ ಎಂಬ ವ್ಯಾಜ್ಯದಲ್ಲಿ ನನ್ನ ಅಭಿಪ್ರಾಯ ಕೇಳುವುದು, ಕುಂಬಾರನನ್ನು ಕರೆದು ಲೋಕಕ್ಕೆ ಮಡಕೆ ಬೇಕೆ ಎಂದು ಕೇಳಿದಂತೆ. ಆದಕಾರಣ ನನ್ನ ಮಾತನ್ನು ಕೊಂಚ ಸೋಸಿಯೇ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ.

ನಮ್ಮ ದೇಶದ ಕಾನೂನು ವಿಮಾನ ಚಾಲಕನಿಂದ ಪದವಿಯನ್ನು ಎಂದೂ ಕೇಳಿದ್ದಿಲ್ಲ. ಹದಿನೆಂಟು ತುಂಬಿರಬೇಕು, ದೇಹ ನೆಟ್ಟಗಿರಬೇಕು, 200 ಗಂಟೆ ಹಾರಿರಬೇಕು, ನಿಗದಿಯಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು; ವಾಣಿಜ್ಯ ವಿಮಾನದ ಪರವಾನಗಿಗೆ ಇಷ್ಟು. 1990ರ ದಶಕದ ಮಧ್ಯಭಾಗದವರೆಗೆ ಹತ್ತನೆಯ ತರಗತಿ ಮುಗಿಸಿದವರೂ ಅರ್ಜಿ ಹಾಕಬಹುದಾಗಿತ್ತು. ಅನಂತರ ಪಿ.ಯು.ಸಿ. ಬೇಕೆಂದೂ ಅದರಲ್ಲಿ ಭೌತಶಾಸ್ತ್ರ ಗಣಿತಗಳನ್ನು ಓದಿರಬೇಕೆಂದೂ ನಿಯಮವಾಯಿತು. ಈ ನಿಯಮವನ್ನೂ ಸಡಿಲಿಸಿ, ಕಲೆ ವಾಣಿಜ್ಯಗಳನ್ನು ಓದಿದವರಿಗೂ ಬಾಗಿಲು ತೆರೆಯುವ ಆಲೋಚನೆ ನಡೆದಿದೆಯೆಂದು 2025ರಲ್ಲಿ ಪತ್ರಿಕೆಗಳು ಬರೆದವು. ಕಲಾವಿಭಾಗದ ಮೇಷ್ಟರಾದ ನನಗೆ ಅದನ್ನು ಓದಿ ಮೀಸೆಯ ಮರೆಯಲ್ಲಿ ನಗು ಬಂದದ್ದು ನಿಜ.

ಹಾರಾಟದ ಚರಿತ್ರೆಯನ್ನು ತೆರೆದರೆ ಮೊದಲ ಪುಟದಲ್ಲೇ ಪದವಿಗೆ ಸೋಲು. 1903ರಲ್ಲಿ ಯಂತ್ರದ ಹಕ್ಕಿಯನ್ನು ನೆಲದಿಂದ ಎಬ್ಬಿಸಿದ ರೈಟ್ ಸೋದರರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹೈಸ್ಕೂಲಿನ ಪ್ರಮಾಣಪತ್ರವನ್ನೂ ಪಡೆದವರಲ್ಲ. ಬೈಸಿಕಲ್ ಅಂಗಡಿ ಇಟ್ಟಿದ್ದರು. ನಮ್ಮಲ್ಲಿ 1929ರ ಫೆಬ್ರವರಿಯಲ್ಲಿ ಭಾರತದ ಮೊದಲ ಪೈಲಟ್ ಪರವಾನಗಿಯನ್ನು ಪಡೆದ ಜೆ.ಆರ್.ಡಿ. ಟಾಟಾ ಅವರು ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದವರಲ್ಲ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಹಾದು ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು. ಆ ದಾರಿಯ ನಡುವಿನ ತಂಗುದಾಣ ನಮ್ಮ ಬಳ್ಳಾರಿ. ಬಳ್ಳಾರಿಯ ಬಿಸಿಲಿನಲ್ಲಿ ಒಂದೇ ಎಂಜಿನ್ನಿನ ಆ ಪುಟ್ಟ ವಿಮಾನ ಇಳಿದದ್ದನ್ನು ನೆನೆದಾಗ, ಅಲ್ಲಿ ನೆರೆದಿರಬಹುದಾದ ಜನರಲ್ಲಿ ಒಬ್ಬನಾದರೂ ‘ಈ ದೊರೆ ಬಿ.ಎ. ಪಾಸಾಗಿದ್ದಾನೆಯೆ?’ ಎಂದು ಕೇಳಿದ್ದಾನು ಎಂದು ನನಗೆ ತೋರುವುದಿಲ್ಲ.

ಆದರೆ ಈ ವಾದವನ್ನು ಬಹಳ ದೂರ ಎಳೆಯಬಾರದು. ಆದಿಪುರುಷರಿಗೆ ಪದವಿ ಇರಲಿಲ್ಲವೆಂದರೆ, ಪದವಿ ಕೊಡುವವರಿಗೇ ಆ ವಿದ್ಯೆ ಗೊತ್ತಿರಲಿಲ್ಲ ಎಂದಷ್ಟೇ ಅರ್ಥ. ಅಂದಿನ ವಿಮಾನ ಬಟ್ಟೆ, ಕಟ್ಟಿಗೆ, ತಂತಿಗಳ ಸಂಸಾರ. ಇಂದಿನದು ಬೇರೆ.

ಈ ಪ್ರಶ್ನೆ ಹೆಚ್ಚಾಗಿ ಚರ್ಚೆಯಾದದ್ದು ಅಮೆರಿಕೆಯಲ್ಲಿ. ಅಲ್ಲಿಯ ಕಾನೂನು ಕೂಡ ಪದವಿಯನ್ನು ಕೇಳುವುದಿಲ್ಲ. ಕೇಳುತ್ತಿದ್ದವು ಕೆಲವು ದೊಡ್ಡ ಸಂಸ್ಥೆಗಳು. ಯಾವ ವಿಷಯದಲ್ಲಾದರೂ ಸರಿ, ನಾಲ್ಕು ವರ್ಷದ ಒಂದು ಪದವಿ ಇರಲಿ ಎಂಬ ನಿಲುವು. ಹೀಗೆ ಕೇಳುತ್ತಿದ್ದವುಗಳಲ್ಲಿ ಒಂದಾದ ಡೆಲ್ಟಾ ಸಂಸ್ಥೆ 2022ರ ಜನವರಿಯಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಪದವಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅರ್ಜಿ ಹಾಕಬಹುದು ಎಂದಿತು. ಆ ವರ್ಷ ಪದವಿಯ ಮಹಿಮೆ ಇದ್ದಕ್ಕಿದ್ದಂತೆ ಕುಗ್ಗಿತೆ? ಇಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಹಿರಿಯ ಚಾಲಕರು ಅವಧಿಗೆ ಮುನ್ನವೇ ನಿವೃತ್ತರಾಗಿದ್ದರು. ಪ್ರಯಾಣಿಕರು ಹಿಂದಿರುಗಿದಾಗ ವಿಮಾನ ನಡೆಸುವವರ ಅಭಾವ ಕಾಣಿಸಿಕೊಂಡಿತ್ತು. ಅರ್ಜಿಗಳ ರಾಶಿ ಬಿದ್ದಾಗ ಪದವಿ ಒಂದು ಜರಡಿ; ರಾಶಿ ಕರಗಿದಾಗ ಜರಡಿ ಅಟ್ಟಕ್ಕೆ ಸೇರುತ್ತದೆ. ಪ್ರಯಾಣಿಕರ ಪ್ರಾಣಕ್ಕೆ ಅತ್ಯಗತ್ಯವೆಂದು ನಂಬಿದ ಯಾವುದನ್ನೂ ಅಭಾವದ ಕಾಲದಲ್ಲಿ ಹೀಗೆ ಕೈಬಿಡುವುದಿಲ್ಲ. ಅರ್ಜಿಗಳು ಕಡಮೆಯೆಂದು ಕಣ್ಣಿನ ಪರೀಕ್ಷೆಯನ್ನು ಯಾರಾದರೂ ಬಿಟ್ಟರೆ?

ಅದೇ ದೇಶದಲ್ಲಿ ಕಾನೂನು ಪದವಿಗೆ ಒಂದು ಬೆಲೆಯನ್ನು ಕಟ್ಟಿರುವುದೂ ಉಂಟು; ಕಟ್ಟಿದ ರೀತಿ ವಿಚಿತ್ರವಾದುದು. 2009ರ ಫೆಬ್ರವರಿಯಲ್ಲಿ ಬಫಲೊ ನಗರದ ಸಮೀಪ ಕೋಲ್ಗನ್ ಸಂಸ್ಥೆಯ ವಿಮಾನವೊಂದು ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ವೇಗ ಕುಗ್ಗಿ ವಿಮಾನ ಕುಸಿಯುವ ಸೂಚನೆ ಬಂದಾಗ ಮೂಗನ್ನು ತಗ್ಗಿಸಬೇಕು. ಅಂದು ಅದನ್ನು ಎತ್ತಲಾಗಿತ್ತು. ಅನಂತರ ಬಂದ ಕಾನೂನು, ಪ್ರಯಾಣಿಕರ ವಿಮಾನದ ಸಹಚಾಲಕನಿಗೂ 1500 ಗಂಟೆಗಳ ಹಾರಾಟ ಬೇಕೆಂದು ವಿಧಿಸಿತು. 2013ರಲ್ಲಿ ಅದು ಜಾರಿಗೆ ಬಂತು. ವೈಮಾನಿಕ ವಿಷಯದಲ್ಲಿ ನಾಲ್ಕು ವರ್ಷದ ಪದವಿ ಪಡೆದವರಿಗೆ 1000 ಗಂಟೆ ಸಾಕು. ಸೈನ್ಯದಲ್ಲಿ ಹಾರಿದವರಿಗೆ 750. ಅಂದರೆ ಪದವಿಯ ಬೆಲೆ 500 ಗಂಟೆ. ಪದವಿಗೆ ಇಷ್ಟು ಖಚಿತವಾದ ಅಳತೆ ಬೇರೆಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದರಲ್ಲಿ ಒಂದು ವ್ಯಂಗ್ಯವೂ ಇದೆ: ಬಫಲೊದಲ್ಲಿ ಬಿದ್ದ ವಿಮಾನದ ಇಬ್ಬರು ಚಾಲಕರೂ ಆಗಲೇ 1500 ಗಂಟೆಗಳಿಗಿಂತ ಹೆಚ್ಚು ಹಾರಿದ್ದವರು. ಗಂಟೆಗಳೂ ಪದವಿಯಂತೆಯೇ ಒಂದು ಪತ್ರವಾಗಿಬಿಡಬಹುದು.

ಹಾಗಾದರೆ ಆ ಕೋಣೆಯಲ್ಲಿ ನಿಜವಾಗಿ ಬೇಕಾಗುವುದೇನು? ಒಂದೆರಡು ಘಟನೆಗಳನ್ನು ಕೊಂಚ ವಿವರವಾಗಿಯೇ ನೋಡೋಣ.

1983ರ ಜುಲೈ 23. ಏರ್ ಕೆನಡಾದ ಹೊಸ ಬೋಯಿಂಗ್ 767 ವಿಮಾನ, 69 ಜನ. ಇಂಧನ ತೋರಿಸುವ ಮಾಪಕ ಕೆಟ್ಟಿತ್ತು. ಕಡ್ಡಿ ಇಳಿಬಿಟ್ಟು ಅಳೆದರು: 7682 ಲೀಟರ್ ಇದೆ. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋಗ್ರಾಂ. ಲೀಟರನ್ನು ತೂಕಕ್ಕೆ ತಿರುಗಿಸಬೇಕು. ಆ ದೇಶ ಆಗತಾನೆ ಪೌಂಡಿನಿಂದ ಕಿಲೋಗ್ರಾಮಿಗೆ ಹೊರಳುತ್ತಿತ್ತು. ಒಂದು ಲೀಟರಿಗೆ ಸುಮಾರು 0.8 ಕಿಲೋ ಎಂದು ಗುಣಿಸುವ ಬದಲು, ಹಳೆಯ ಅಭ್ಯಾಸದಂತೆ 1.77ರಿಂದ ಗುಣಿಸಿದರು. ಅದು ಪೌಂಡಿನ ಲೆಕ್ಕ. ಬಂದ ಉತ್ತರವನ್ನು ಕಿಲೋ ಎಂದು ಓದಿದರು. ಬೇಕಾಗಿದ್ದುದು ಇನ್ನೂ 20,000 ಲೀಟರಿಗೂ ಮಿಕ್ಕಿ. ತುಂಬಿದ್ದು 4917 ಲೀಟರ್. ಬೇಕಾದ ಇಂಧನದ ಅರ್ಧಕ್ಕಿಂತ ಕಡಮೆ ಇಟ್ಟುಕೊಂಡು ವಿಮಾನ ಮೇಲೇರಿತು. ದಾರಿಯ ನಡುವೆ ಆಕಾಶದಲ್ಲೇ ಎರಡು ಎಂಜಿನ್ನುಗಳೂ ಒಂದಾದ ಮೇಲೊಂದು ನಿಂತವು.

ಇಲ್ಲಿ ತಪ್ಪಿದ ವಿದ್ಯೆ ಯಾವುದು? ಮಾಧ್ಯಮಿಕ ಶಾಲೆಯ ಗಣಿತ. ಲೆಕ್ಕದ ಮುಂದೆ ಪರಿಮಾಣ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದ ಗಣಿತದ ಮೇಷ್ಟರನ್ನು ನಾವೆಲ್ಲ ಶಪಿಸಿದ್ದೇವೆ. ಆ ಅರ್ಧ ಅಂಕದ ಬೆಲೆ ಅಂದು ತಿಳಿಯಿತು. ಇನ್ನು, ಅವರನ್ನು ಉಳಿಸಿದ ವಿದ್ಯೆ ಯಾವುದು? ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನ ವೇಳೆಯಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು. ಎಂಜಿನ್ನಿಲ್ಲದ ಆ ಮಹಾಕಾಯವನ್ನು ಗ್ಲೈಡರಿನಂತೆಯೇ ತೇಲಿಸಿಕೊಂಡು ಬಂದು, ಪಕ್ಕಕ್ಕೆ ಓರೆಮಾಡಿ ವೇಗ ತಗ್ಗಿಸಿ, ಗಿಮ್ಲಿ ಎಂಬಲ್ಲಿ ವಾಯುಪಡೆ ಬಿಟ್ಟುಹೋಗಿದ್ದ ಹಳೆಯ ಓಡುದಾರಿಯ ಮೇಲೆ ಇಳಿಸಿದರು. ಎಲ್ಲರೂ ಬದುಕಿದರು. ಎರಡು ವಿದ್ಯೆಗಳೂ ಪದವಿಯ ಹೊರಗಿನವು; ಒಂದು ಅದರ ಹಿಂದಿನದು, ಒಂದು ಅದರ ಪಕ್ಕದ್ದು.

ಮತ್ತೊಂದು ಘಟನೆ ನಮ್ಮ ಬೆಂಗಳೂರಿನದೇ. 1990ರ ಫೆಬ್ರವರಿ 14ರ ಮಧ್ಯಾಹ್ನ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ ಓಡುದಾರಿಯನ್ನು ಮುಟ್ಟದೆ ಗಾಲ್ಫ್ ಮೈದಾನದಲ್ಲಿ ಇಳಿದು ಒಡೆಯಿತು. 146 ಜನರಲ್ಲಿ 92 ಜನ ಹೋದರು. ಮುಂದೆ ಕುಳಿತಿದ್ದವರು ಇಬ್ಬರೂ ಕ್ಯಾಪ್ಟನ್ನರು. ಒಬ್ಬರು ಇನ್ನೊಬ್ಬರನ್ನು ಪರೀಕ್ಷಿಸುತ್ತಿದ್ದರು. ವಿಮಾನ ಹೊಸದು, ಗಣಕಯಂತ್ರದ ಕೈಯಲ್ಲಿ ಬಹುಭಾಗವನ್ನು ಒಪ್ಪಿಸಿದ್ದು. ಇಳಿಯುವಾಗ ಅದು ಎಂಜಿನ್ನುಗಳನ್ನು ಪೂರ್ತಿ ತಗ್ಗಿಸಿ ಇಳಿಯುವ ಒಂದು ಕ್ರಮಕ್ಕೆ ಹೋಗಿತ್ತು. ವೇಗ ಕರಗುತ್ತ ಬಂತು. ಎತ್ತರವನ್ನು ಯಂತ್ರ ಕೂಗಿ ಹೇಳುತ್ತಿತ್ತು: ನಾನೂರು, ಮುನ್ನೂರು, ಇನ್ನೂರು. ಶಕ್ತಿಯನ್ನು ಏರಿಸಬೇಕಾದ ಕೈ ಏರಿಸಿದ್ದು ತಡವಾಗಿ. ಪರಿಸ್ಥಿತಿಯ ಗಂಭೀರತೆಯನ್ನು ಚಾಲಕರು ಅರಿಯಲಿಲ್ಲವೆಂದು ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ ಕಂಡುಕೊಂಡಿತು.

ಪದವಿಯ ಪರವಾಗಿ ವಾದಿಸುವವರಿಗೆ ಇಲ್ಲಿ ಒಂದು ಹಿಡಿತ ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯಲಾರೆ. ಕೈಚಳಕ ಒಂದೇ ಸಾಲದು. ಯಂತ್ರ ಈಗ ಏನನ್ನು ‘ಆಲೋಚಿಸುತ್ತಿದೆ’ ಎಂದು ಊಹಿಸಬಲ್ಲ ಬುದ್ಧಿ ಬೇಕು. ಹಾಗೆ ಊಹಿಸಲು, ಕಂಡದ್ದನ್ನು ಶಂಕಿಸಲು, ಮೂರು ವರ್ಷ ಕಾಲೇಜಿನಲ್ಲಿ ಕುಳಿತು ಓದಿದ ಮನಸ್ಸು ಹೆಚ್ಚು ಪಳಗಿರುತ್ತದೆ ಎನ್ನುತ್ತಾರೆ. ಹಾಗೆ ಪಳಗಿದ ಮನಸ್ಸುಗಳನ್ನು ನಾನು ನೋಡಿದ್ದೇನೆ; ವರ್ಷಕ್ಕೆ ನಾಲ್ಕೋ ಐದೋ. ಉಳಿದವರು ಪರೀಕ್ಷೆಯ ಹಿಂದಿನ ವಾರ ಟಿಪ್ಪಣಿಗಳನ್ನು ಉರುಹಚ್ಚಿ, ನೂರಕ್ಕೆ 35 ಅಂಕ ಪಡೆದು, ನಮಸ್ಕಾರ ಹೇಳಿ ಹೋದವರು. ವೈಮಾನಿಕ ಪರೀಕ್ಷೆಗಳಲ್ಲಿ ತೇರ್ಗಡೆಗೆ 70 ಬೇಕು. ಅಷ್ಟೇ ಅಲ್ಲ, ಆರು ತಿಂಗಳಿಗೊಮ್ಮೆ ಕೃತಕ ವಿಮಾನದಲ್ಲಿ ಕೂರಿಸಿ, ಎಂಜಿನ್ ನಿಲ್ಲಿಸಿ, ಹೊಗೆ ಎಬ್ಬಿಸಿ, ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ನನ್ನ ಎಂ.ಎ. ಪದವಿಯನ್ನು ಅದು ನನಗೆ ಬಂದ ದಿನದಿಂದ ಇಂದಿನವರೆಗೆ ಯಾರೂ ಮತ್ತೆ ಪರೀಕ್ಷಿಸಿಲ್ಲ. ಆರು ತಿಂಗಳಿಗೊಮ್ಮೆ ನನ್ನನ್ನು ಎಬ್ಬಿಸಿ ಪಂಪನ ಒಂದು ಪದ್ಯಕ್ಕೆ ಅನ್ವಯ ಹೇಳೆಂದಿದ್ದರೆ ಎಷ್ಟು ಜನ ಪ್ರಾಧ್ಯಾಪಕರು ಕೆಲಸದಲ್ಲಿ ಉಳಿಯುತ್ತಿದ್ದೆವೋ!

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ, ಅಂದರೆ ಭಾಷೆಗೆ, ಬರುತ್ತೇನೆ. ವಿಮಾನ ಅಪಘಾತಗಳ ವಿಚಾರಣೆಗಳನ್ನು ಓದುತ್ತಿದ್ದಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಯಂತ್ರಗಳ ಕಥೆಯಲ್ಲ, ಮಾತುಗಳ ಕಥೆ. 1990ರ ಜನವರಿ 25ರಂದು ಕೊಲಂಬಿಯದ ಒಂದು ವಿಮಾನ ನ್ಯೂಯಾರ್ಕಿನ ಆಕಾಶದಲ್ಲಿ ಗಂಟೆಗೂ ಮೀರಿ ಸುತ್ತುತ್ತ ಕಾದಿತು. ಇಂಧನ ಮುಗಿಯುತ್ತಿತ್ತು. ತುರ್ತುಸ್ಥಿತಿ ಎಂದು ಹೇಳು ಎಂದು ಕ್ಯಾಪ್ಟನ್ ತನ್ನ ಭಾಷೆಯಲ್ಲಿ ಸಹಚಾಲಕನಿಗೆ ಹೇಳಿದ. ಸಹಚಾಲಕ ಇಂಗ್ಲಿಷಿನಲ್ಲಿ ನೆಲಕ್ಕೆ ಹೇಳಿದ್ದು, ‘ಇಂಧನ ಮುಗಿಯುತ್ತ ಬಂದಿದೆ’ ಎಂದು. ‘ಆದ್ಯತೆ’ ಎಂಬ ಮಾತು ಬಂತು. ‘ತುರ್ತುಸ್ಥಿತಿ’ ಎಂಬ ಮಾತು ಬರಲಿಲ್ಲ. ಕೇಳಿಸಿಕೊಂಡವರ ಕೋಶದಲ್ಲಿ ಆ ಎರಡು ಶಬ್ದಗಳ ನಡುವೆ ಆಕಾಶ ಭೂಮಿಯ ಅಂತರ. 73 ಜನ ಸತ್ತರು. ಅದಕ್ಕೂ ಮೊದಲು, 1977ರ ಮಾರ್ಚ್ 27ರಂದು, ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಭಾರಿ ವಿಮಾನಗಳು ಓಡುದಾರಿಯಲ್ಲೇ ಡಿಕ್ಕಿಯಾಗಿ 583 ಜನ ಹೋದರು. ಡಚ್ ಸಹಚಾಲಕ ‘ನಾವೀಗ ಏರುವುದರಲ್ಲಿದ್ದೇವೆ’ ಎಂಬಂಥ ಒಂದು ಮಾತಾಡಿದ. ಏರುತ್ತಿದ್ದೇವೆ ಎಂದು ಅವನ ಅರ್ಥ. ಏರಲು ಸಿದ್ಧವಾಗಿ ನಿಂತಿದ್ದೇವೆ ಎಂದು ನಿಯಂತ್ರಕರು ತಿಳಿದರು. ಒಂದು ವಿಭಕ್ತಿಯ ಅಸ್ಪಷ್ಟತೆ! ವ್ಯಾಕರಣದ ತರಗತಿಯಲ್ಲಿ ಆಕಳಿಸಿದ ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳಬೇಕಾಗಿತ್ತು ಎಂದು ಆಗಾಗ ಅನ್ನಿಸುತ್ತದೆ.

ಅದೇ ಟೆನೆರಿಫ್‌ನಲ್ಲಿ ವಿಮಾನದ ಎಂಜಿನಿಯರನಿಗೆ ಸಂಶಯ ಬಂದಿತ್ತು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿದೆಯೆ ಎಂದು ಅವನು ಕೇಳಿಯೂ ಕೇಳಿದ. ಕ್ಯಾಪ್ಟನ್ ಹೌದೆಂದ. ಕ್ಯಾಪ್ಟನ್ ಎಂದರೆ ಆ ಸಂಸ್ಥೆಯಲ್ಲಿ ಇತರರಿಗೆ ತರಬೇತಿ ಕೊಡುತ್ತಿದ್ದ ಹಿರಿಯ. ಕೇಳಿದವನು ಸುಮ್ಮನಾದ. ನಮ್ಮ ಮಂಗಳೂರಿನಲ್ಲಿ 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದಾಗ 158 ಜನ ಸತ್ತರು, 8 ಜನ ಉಳಿದರು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿ ಎದ್ದಿದ್ದರು. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕರು ಮೂರು ಬಾರಿ ಹೇಳಿದ್ದರೆಂದು ವಿಚಾರಣೆಯ ವರದಿ ದಾಖಲಿಸಿದೆ. ಯಂತ್ರವೂ ಎಚ್ಚರಿಸುತ್ತಿತ್ತು. ಹೇಳಿದ ಮಾತು ಕೇಳಿದ ಮಾತಾಗಲಿಲ್ಲ.

ಹಿರಿಯರ ಎದುರಿಗೆ ‘ಇದು ತಪ್ಪು’ ಎನ್ನುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ‘ಹೀಗೆ ಮಾಡಿದರೆ ಹೇಗಿದ್ದೀತು’, ‘ತಾವು ಒಮ್ಮೆ ನೋಡಿದರೆ’ ಎಂದು ನಾವು ಮಾತನ್ನು ಹತ್ತಿಯಲ್ಲಿ ಸುತ್ತಿ ಕೊಡುತ್ತೇವೆ. ಅದು ನಮ್ಮ ಭಾಷೆಯ ಸೌಜನ್ಯ, ನನಗೆ ಪ್ರಿಯವಾದ ಸೌಜನ್ಯ. ಆದರೆ ನೆಲ ಮುನ್ನೂರು ಅಡಿ ಕೆಳಗಿರುವಾಗ ಹತ್ತಿ ಬಿಡಿಸುವಷ್ಟು ಹೊತ್ತಿಲ್ಲ. ಇದನ್ನು ಮನಗಂಡೇ 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ತಜ್ಞರನ್ನು ಸೇರಿಸಿ ಚರ್ಚಿಸಿತು. 1980ರ ದಶಕದ ಆರಂಭದಿಂದ ವಿಮಾನ ಸಂಸ್ಥೆಗಳು, ಕಿರಿಯನು ಹಿರಿಯನನ್ನು ತಡೆಯುವುದು ಹೇಗೆ, ಹಿರಿಯನು ಅದನ್ನು ಅವಮಾನವೆಂದು ಬಗೆಯದಿರುವುದು ಹೇಗೆ ಎಂಬುದನ್ನೇ ಒಂದು ಪಾಠವಾಗಿ ಕಲಿಸತೊಡಗಿದವು. 2008ರಿಂದ ಅಂತರರಾಷ್ಟ್ರೀಯ ಹಾರಾಟದ ಚಾಲಕರಿಗೆ ಇಂಗ್ಲಿಷ್ ಮಾತಿನ ಮಟ್ಟವನ್ನೂ ಗೊತ್ತುಪಡಿಸಲಾಗಿದೆ. ನನ್ನ ದೃಷ್ಟಿಯಲ್ಲಿ ಇವು ಶುದ್ಧ ಸಾಹಿತ್ಯ ಶಿಕ್ಷಣ. ಕೊಟ್ಟವು ಮಾತ್ರ ಕಾಲೇಜುಗಳಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಲೆನಾಡಿನ ಒಂದು ಪೇಟೆಯಲ್ಲಿ ವಕೀಲರು. ಅವರ ಮಗಳು ಪಿ.ಯು.ಸಿ. ಮುಗಿಸಿದ್ದಾಳೆ, ಪೈಲಟ್ ಆಗುತ್ತೇನೆಂದು ಹಟ. ತಂದೆ ಅವಳನ್ನು ನನ್ನ ಮುಂದೆ ಕರೆತಂದು, ‘ಮೊದಲು ಒಂದು ಡಿಗ್ರಿ ಮುಗಿಸು ಅಂತ ತಾವೇ ಹೇಳಿ ಸಾರ್, ನನ್ನ ಮಾತು ಕೇಳೋದಿಲ್ಲ’ ಎಂದರು.

ಹುಡುಗಿ ನನ್ನನ್ನೇ ಕೇಳಿದಳು: ‘ಡಿಗ್ರಿ ಇಲ್ಲದಿದ್ರೆ ನಂಗೆ ವಿಮಾನ ಹಾರಿಸೋಕೆ ಬರಲ್ವಾ ಸಾರ್?’

ನಾನು ಬಾಯಿ ತೆರೆಯುವ ಮೊದಲೇ ತಂದೆ ಉತ್ತರ ಕೊಟ್ಟರು: ‘ಬರುತ್ತಮ್ಮಾ. ಹಾರಿಸೋಕೆ ಆಗದೇ ಇರೋ ದಿನ ಏನ್ ಮಾಡ್ತೀಯ?’

ಪದವಿಯ ಪರವಾಗಿ ನಾನು ಕೇಳಿದ ವಾದಗಳಲ್ಲೆಲ್ಲ ಇದೇ ಬಲವಾದುದು. ಚಾಲಕನ ಪರವಾನಗಿ ಅವನ ದೇಹಕ್ಕೆ ಕಟ್ಟಿದ್ದು. ವೈದ್ಯ ಪರೀಕ್ಷೆಯಲ್ಲಿ ಹೃದಯವೋ ಕಿವಿಯೋ ಒಪ್ಪಿಗೆಯಾಗದಿದ್ದರೆ ಮೂವತ್ತೈದನೆಯ ವಯಸ್ಸಿನಲ್ಲೂ ವಿದ್ಯೆಯೆಲ್ಲ ನೆಲದ ಪಾಲು. ದೇಹ ಗಟ್ಟಿಯಾಗಿದ್ದರೂ ಸಂಸ್ಥೆ ಗಟ್ಟಿಯಾಗಿರಬೇಕಲ್ಲ? ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು, ಜೆಟ್ ಏರ್‌ವೇಸ್ 2019ರಲ್ಲಿ. ಪಿ.ಯು.ಸಿ. ಮತ್ತು ಪರವಾನಗಿ ಬಿಟ್ಟು ಬೇರೆ ಕಾಗದವಿಲ್ಲದವನು ಆಗ ಯಾರ ಬಾಗಿಲು ತಟ್ಟಬೇಕು? ಆದರೆ ಗಮನಿಸಿ: ಇದು ಚಾಲಕನ ಬದುಕಿಗೆ ಪದವಿ ಬೇಕೆಂಬ ವಾದ, ವಿಮಾನದ ಕ್ಷೇಮಕ್ಕೆ ಬೇಕೆಂಬ ವಾದವಲ್ಲ. ತಂದೆ ಮಗಳಿಗೆ ಹೇಳಬಹುದಾದ ಮಾತು, ಸಂಸ್ಥೆ ಅರ್ಜಿದಾರನಿಗೆ ವಿಧಿಸಬಹುದಾದ ಷರತ್ತಲ್ಲ.

ಷರತ್ತು ಮಾಡಿದರೆ ಆಗುವುದೇನು? ಹಾರಾಟದ ತರಬೇತಿಗೆ ಈಗಲೇ ಹಲವು ಹತ್ತು ಲಕ್ಷ ರೂಪಾಯಿ ಬೇಕು. ಜಮೀನು ಅಡವಿಟ್ಟು ಮಗನನ್ನೋ ಮಗಳನ್ನೋ ಕಳಿಸುವ ಮನೆಗಳು ಇವೆ. ಅದರ ಮೇಲೆ ಮೂರು ವರ್ಷದ ಕಾಲೇಜನ್ನು ಹೇರಿದರೆ ಉಳ್ಳವರ ಮಕ್ಕಳು ಕಾಯುತ್ತಾರೆ. ಇಲ್ಲದವರ ಮಕ್ಕಳು ಬೇರೆ ಕೆಲಸ ಹುಡುಕುತ್ತಾರೆ. ಇನ್ನೊಂದು ಕೇಡೂ ಇದೆ. ಕಾಗದ ಕೇಳಿದಲ್ಲಿ ಕಾಗದ ಮಾರುವವರು ಹುಟ್ಟುತ್ತಾರೆ. 2011ರಲ್ಲಿ ಖೋಟಾ ಅಂಕಪಟ್ಟಿ ತೋರಿಸಿ ಪರವಾನಗಿ ಪಡೆದಿದ್ದರೆಂಬ ಆರೋಪದ ಮೇಲೆ ನಮ್ಮ ದೇಶದಲ್ಲಿ ಕೆಲವು ಪೈಲಟ್ಟರ ಬಂಧನವಾದದ್ದು ನಿಮಗೆ ನೆನಪಿರಬಹುದು.

2009ರಲ್ಲಿ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನೂ ಉಳಿಸಿದ ಕ್ಯಾಪ್ಟನ್ ಸಲನ್‌ಬರ್ಗರ್ ಮನಶ್ಶಾಸ್ತ್ರದ ಪದವೀಧರರು, ಎರಡು ಸ್ನಾತಕೋತ್ತರ ಪದವಿಗಳನ್ನೂ ಪಡೆದವರು ಎಂದು ನನಗೆ ಎದುರುತ್ತರ ಕೊಡುವವರಿದ್ದಾರೆ. ನಿಜ. ಆದರೆ ಅವರು ಹದಿಹರೆಯದಲ್ಲೇ ಹಾರಲು ಕಲಿತವರು, ವಾಯುಪಡೆಯಲ್ಲಿ ಯುದ್ಧವಿಮಾನ ನಡೆಸಿದವರು, ಗ್ಲೈಡರ್ ಬಲ್ಲವರು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ನಾವು ಓದನ್ನು ಹಳಿಯಲು ಬಳಸುತ್ತೇವೆ. ಕಾಲುಪಾಲು ಎಂದರೆ ಸಣ್ಣದೇನಲ್ಲ. ಆ ಕಾಲುಪಾಲನ್ನು ಯಾರು, ಎಲ್ಲಿ, ಯಾವ ವಯಸ್ಸಿನಲ್ಲಿ ಓದಬೇಕೆಂದು ಗಾದೆ ಹೇಳಿಲ್ಲ. ಭೌತಶಾಸ್ತ್ರ ಗಣಿತಗಳ ತಳಪಾಯವನ್ನು ನಾನು ಬಿಟ್ಟುಕೊಡಲಾರೆ. ಕಲಾವಿಭಾಗದ ಹುಡುಗನೂ ಅದನ್ನು ಕಲಿತು, ಪರೀಕ್ಷೆ ಕೊಟ್ಟು ಬರಲಿ. ಅದರ ಮೇಲೆ ತರಬೇತಿ ಕಟ್ಟುನಿಟ್ಟಾಗಿರಲಿ, ಮಾತಿನ ಪರೀಕ್ಷೆ ನೆಪಮಾತ್ರದ್ದಾಗದಿರಲಿ. ಪದವಿಯನ್ನು ಕೇಳುವುದು ಬೇಡ.

ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೆ: ಮೊದಲು ವೈದ್ಯ ಪರೀಕ್ಷೆ ಮಾಡಿಸಿಕೋ, ಅದಾಗದೆ ಒಂದು ರೂಪಾಯಿಯನ್ನೂ ಎಲ್ಲಿಯೂ ಕಟ್ಟಬೇಡ, ಅದಾದರೆ ಹಾರುವುದನ್ನು ಕಲಿ, ಪದವಿಯನ್ನು ದೂರಶಿಕ್ಷಣದಲ್ಲಿ ನಿಧಾನವಾಗಿ ಮಾಡಿಕೊಳ್ಳಬಹುದು. ತಂದೆಗೆ ಪೂರ್ತಿ ಸಮಾಧಾನವಾಗಲಿಲ್ಲ. ಕಳೆದ ತಿಂಗಳು ಪತ್ರ ಬರೆದಿದ್ದಾರೆ. ವೈದ್ಯರು ಒಪ್ಪಿಗೆ ಕೊಟ್ಟಿದ್ದಾರೆ, ತೋಟದ ಮೇಲೆ ಸಾಲಕ್ಕೆ ಅರ್ಜಿ ಹಾಕಿದ್ದಾರೆ, ಮಗಳು ಬಿ.ಎ.ಗೂ ಹೆಸರು ನೋಂದಾಯಿಸಿದ್ದಾಳಂತೆ. ಐಚ್ಛಿಕ ವಿಷಯ ಕನ್ನಡ. ಅದಕ್ಕೆ ನನ್ನ ಶಿಫಾರಸು ಇರಲಿಲ್ಲ.